ವೋಟ್ ಅಷ್ಟೇ ಇದ್ರೂ ಸೀಟ್ ಯಾಕೆ ಹೋಯ್ತು?

ಪ್ರಶ್ನೆ: ಸರ್, 2023ರ ವಿಧಾನಸಭೆ ಎಲೆಕ್ಷನ್ನಲ್ಲಿ ಬಿಜೆಪಿಗೆ ವೋಟ್ ಕಮ್ಮಿನೇ ಆಗಿಲ್ಲ ಅಂತಾರೆ, ಆದ್ರೆ ಸೀಟು 104ರಿಂದ 66ಕ್ಕೆ ಇಳೀತು. ಇದು ಹೆಂಗೆ? (ಓದುಗರೊಬ್ಬರು, ತುಮಕೂರು)

ಉತ್ತರ: ನೀವು ಕೇಳಿದ್ದು ನಿಜ ಕಣ್ರೀ. 2018ರಲ್ಲೂ ಬಿಜೆಪಿಗೆ ಶೇ 36ರ ಆಸುಪಾಸು, 2023ರಲ್ಲೂ ಅಷ್ಟೇ. ಬದಲಾಗಿದ್ದು ಜೆಡಿಎಸ್ ಲೆಕ್ಕ, ಶೇ 18 ಚಿಲ್ಲರೆ ಇದ್ದಿದ್ದು 13 ಚಿಲ್ಲರೆಗೆ ಬಂತು, ಸೀಟು 37ರಿಂದ 19, ಆ ಕಡೆ ಕಾಂಗ್ರೆಸ್ ವೋಟು ಶೇ 38ರಿಂದ ಹತ್ರಹತ್ರ 43ಕ್ಕೆ ಏರಿ 135 ಸೀಟು ತಗೊಂಡ್ತು. ನಮ್ಮಲ್ಲಿ ಒಂದು ಕ್ಷೇತ್ರದಲ್ಲಿ ಯಾರಿಗೆ ಜಾಸ್ತಿ ವೋಟೋ ಅವರೇ ಗೆದ್ದಂಗೆ, ಅರ್ಧಕ್ಕಿಂತ ಹೆಚ್ಚು ಬೇಕು ಅಂತೇನಿಲ್ಲ, ಹಂಗಾಗಿ ಮೂರು ಪಾರ್ಟಿ ನಿಂತಾಗ ಒಬ್ಬರ ವೋಟು ಇನ್ನೊಬ್ಬರ ಕಡೆ ಸ್ವಲ್ಪ ವಾಲಿದ್ರೂ ಮೂರನೆಯವರ ಸೀಟೂ ಹೋಗತ್ತೆ.

ಇನ್ನೊಂದು, ವೋಟು ಎಲ್ಲಿ ಬಿತ್ತು ಅನ್ನೋದು. ಉಡುಪಿ ಜಿಲ್ಲೆಯ 5ಕ್ಕೆ 5ನ್ನೂ ಬಿಜೆಪಿ ಉಳಿಸ್ಕೊಂಡ್ತು, ಆದ್ರೆ ಪಕ್ಕದ ಚಿಕ್ಕಮಗಳೂರಲ್ಲಿ 5ಕ್ಕೆ 5 ಕಾಂಗ್ರೆಸ್ ಪಾಲು, ಕೊಡಗಿನ ಎರಡೂ ಹೋಯ್ತು, ಎಸ್‌ಟಿ ಮೀಸಲು 15ರಲ್ಲಿ ಒಂದೂ ಬರ್ಲಿಲ್ಲ. ರಾಜ್ಯದ ಒಟ್ಟು ಪರ್ಸೆಂಟೇಜ್ ನೋಡಿದ್ರೆ ಇದ್ಯಾವುದೂ ಕಾಣಲ್ಲ.

ನನಗೆ ಇವತ್ತಿಗೂ ಮರೆಯಕ್ಕಾಗದೇ ಇರೋದು ಬೆಂಗಳೂರಿನ ಜಯನಗರ. ಮೇ 13ಕ್ಕೆ ಬೇರೆ ಕಡೆ ಎಲ್ಲಾ ಪಟಾಕಿ ಹೊಡೆದು ಮುಗಿದಿತ್ತು, ಅಲ್ಲಿ ಮಾತ್ರ ರಾತ್ರಿ ತನಕ ಮರುಎಣಿಕೆ, ಕೊನೆಗೆ ಬಿಜೆಪಿಯ ಸಿ.ಕೆ. ರಾಮಮೂರ್ತಿ ಬರೀ 16 ವೋಟಲ್ಲಿ ಗೆದ್ರು. ಹದಿನಾರು! ಒಂದು ಬಿಲ್ಡಿಂಗಿನ ನಾಲ್ಕು ಮನೆಯವರು ಬೂತಿಗೆ ಹೋಗಿ ಬಂದಿದ್ರೆ ಸಾಕಿತ್ತು.