ಗ್ರೀಸ್‌ನ ಸಣ್ಣ ದ್ವೀಪದಲ್ಲಿ ನಾವೇ ಅಡುಗೆ ಮಾಡಿಕೊಂಡು ಹತ್ತು ದಿನ ಇರಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಗಂಡ, ಹೆಂಡತಿ, ಏಳು ವರ್ಷದ ಮಗಳು, ಜೊತೆಗೆ ಅಮ್ಮ. ಎಲ್ಲರೂ ಸಸ್ಯಾಹಾರಿಗಳು. ಸ್ಯಾಂಟೊರಿನಿಯ ನೂಕುನುಗ್ಗಲು ಬೇಡ. ಯಾವುದಾದರೂ ಸಣ್ಣ ದ್ವೀಪದಲ್ಲಿ ಅಡುಗೆಮನೆ ಇರುವ ಗೆಸ್ಟ್‌ಹೌಸ್ ಹಿಡಿದು ಹತ್ತು ದಿನ ಇರಬೇಕು. ಊಟಕ್ಕೆ ಕಷ್ಟ ಆಗುತ್ತಾ, ಬೋರ್ ಆಗುತ್ತಾ?

ಖಂಡಿತ ಇರಬಹುದು. ಆದರೆ ಅಲ್ಲಿ ಹೋಗಿ ಒಂದು ಸಣ್ಣ ಸಂಸಾರ ಹೂಡುವ ಮನಸ್ಸು ಇದ್ದರೆ ಮಾತ್ರ. ಹೋಟೆಲ್‌ನಲ್ಲಿ ಇದ್ದ ಹಾಗೆ ಇರುತ್ತೆ ಅಂದುಕೊಂಡು ಹೋದರೆ ಮೂರನೇ ದಿನಕ್ಕೇ ಮುಖ ಸಪ್ಪಗಾಗುತ್ತೆ. ದಿನಾ ಬೆಳಗ್ಗೆ ಬ್ರೆಡ್ ತರೋದು, ತರಕಾರಿ ಯಾವಾಗ ಬರುತ್ತೆ ಅಂತ ವಿಚಾರಿಸೋದು, ಬಟ್ಟೆ ಒಗೆದು ಹಗ್ಗಕ್ಕೆ ಹಾಕೋದು ಇದನ್ನೆಲ್ಲ ರಜೆಯ ಭಾಗ ಅಂತ ನೋಡುವವರಿಗೆ ಇದಕ್ಕಿಂತ ಒಳ್ಳೆ ರಜೆ ಇಲ್ಲ.

ನಾವು ಹೋಗಿದ್ದು ಟೀಲೋಸ್‌ಗೆ. ಟರ್ಕಿಯ ಕರಾವಳಿಗೆ ಹತ್ತಿರ, ರೋಡ್ಸ್ ಮತ್ತು ಕೋಸ್ ದ್ವೀಪಗಳ ನಡುವೆ ಇದೆ. ವರ್ಷವಿಡೀ ಅಲ್ಲಿರುವವರು ಒಂದು ಸಾವಿರದೊಳಗೇ. ವಿಮಾನ ನಿಲ್ದಾಣ ಇಲ್ಲ. ಅದೇ ಅದರ ಪುಣ್ಯ ಅಂತ ನನ್ನ ಅಭಿಪ್ರಾಯ. ಅಥೆನ್ಸ್‌ನಿಂದ ರೋಡ್ಸ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಕ್ಯಾಟಮರಾನ್ (ವೇಗವಾಗಿ ಹೋಗುವ ಸಣ್ಣ ಹಡಗು) ಹಿಡಿದರೆ ಸುಮಾರು ಎರಡು ಗಂಟೆ. ಅಥೆನ್ಸ್‌ನ ಪಿರೇಯಸ್ ಬಂದರಿನಿಂದ ದೊಡ್ಡ ಫೆರಿಯೂ ಇದೆ, ಆದರೆ ರಾತ್ರಿಯಿಡೀ ಪ್ರಯಾಣ, ವಾರಕ್ಕೆ ಕೆಲವೇ ದಿನ. ಅಮ್ಮನನ್ನು ಕರೆದುಕೊಂಡು ಹೋಗ್ತೀರಿ ಅಂದರೆ ರೋಡ್ಸ್ ದಾರಿಯೇ ವಾಸಿ.

ಈಗ ಅಡುಗೆಮನೆ ವಿಷಯಕ್ಕೆ ಬರೋಣ, ನಿಮ್ಮ ನಿಜವಾದ ಚಿಂತೆ ಅದೇ ಅಲ್ವಾ? ಅಲ್ಲಿ ‘ಸ್ಟುಡಿಯೋ’ ಅಂತ ಕೊಡುವ ರೂಮಿನಲ್ಲಿ ಗೋಡೆಗೆ ಒತ್ತಿಕೊಂಡು ಒಂದು ಕಟ್ಟೆ, ಒಂದು ಸಿಂಕ್, ಚಿಕ್ಕ ಫ್ರಿಜ್, ಎರಡು ಪ್ಲೇಟಿನ ಕರೆಂಟ್ ಒಲೆ ಇರುತ್ತವೆ. ಗ್ಯಾಸ್ ಇರಲ್ಲ. ಪ್ಲೇಟು ಕಾಯೋದು ನಿಧಾನ, ಆರೋದು ಇನ್ನೂ ನಿಧಾನ. ಸ್ವಿಚ್ ಆಫ್ ಮಾಡಿ ಸುಮ್ನೆ ನಿಂತರೆ ಸಾಸಿವೆ ಸಿಡಿದು, ಇಂಗು ಕಪ್ಪಾಗಿ, ಒಗ್ಗರಣೆ ಸೀದುಹೋಗುತ್ತೆ. ಸಾಸಿವೆ ಚಟಪಟ ಅಂದ ಕೂಡಲೇ ಪಾತ್ರೆಯನ್ನೇ ಎತ್ತಿ ಪಕ್ಕಕ್ಕಿಡಬೇಕು. ಚಾಕುಗಳು ಮೊಂಡು, ದೊಡ್ಡ ಪಾತ್ರೆ ಅಂತ ಇರೋದು ಒಂದೇ. ಕುಕ್ಕರ್ ಕನಸಿನಲ್ಲೂ ಇಲ್ಲ. ಉದ್ದ ಹಿಡಿಯ ಒಂದು ಪುಟ್ಟ ಪಾತ್ರೆ ನೇತು ಹಾಕಿರುತ್ತಾರೆ, ಗ್ರೀಕ್ ಕಾಫಿ ಮಾಡೋದಕ್ಕೆ. ನೋಡಿದ ಕೂಡಲೇ ಒಗ್ಗರಣೆ ಸೌಟು ಅನ್ನಿಸುತ್ತೆ. ಆಸೆಪಡಬೇಡಿ. ಇಂಗಿನ ವಾಸನೆ ಅಂಟಿಕೊಂಡರೆ ಮುಂದೆ ಬರುವವರ ಕಾಫಿ ಗತಿ ಏನು?

ಬುಕ್ ಮಾಡುವ ಮುಂಚೆ ಮಾಲೀಕರಿಗೆ ಮೆಸೇಜ್ ಮಾಡಿ ಅಡುಗೆಮನೆಯ ಫೋಟೋ ಕೇಳಿ. ಸಮುದ್ರ ಕಾಣೋ ಬಾಲ್ಕನಿ ಫೋಟೋ ಎಲ್ಲರೂ ಹಾಕಿರುತ್ತಾರೆ, ಒಲೆಯದ್ದನ್ನು ಯಾರೂ ಹಾಕಲ್ಲ. ಒಲೆಯ ಹತ್ತಿರ ಕಿಟಕಿ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಹಾಸಿಗೆ ಬಟ್ಟೆಗೆಲ್ಲ ಸಾರಿನ ಘಮ.

ಊರಿಂದ ಏನು ತಗೊಂಡು ಹೋಗಬೇಕು? ಸಾರಿನ ಪುಡಿ, ಸಾಸಿವೆ, ಇಂಗು, ಅರಿಶಿನ, ಹುಣಸೆಹಣ್ಣಿನ ಪೇಸ್ಟ್, ಒಂದು ಒಳ್ಳೆ ಸಣ್ಣ ಚಾಕು (ಚೆಕ್-ಇನ್ ಬ್ಯಾಗಿನಲ್ಲಿ), ಮತ್ತೆ ಒಂದು ಪ್ಲಾಸ್ಟಿಕ್ ಚೊಂಬು. ಚೊಂಬು ಯಾಕೆ ಅಂತ ಬಾತ್‌ರೂಮ್ ನೋಡಿದ ಮೇಲೆ ಗೊತ್ತಾಗುತ್ತೆ. ಅಲ್ಲಿ ಪೈಪುಗಳು ಸಣ್ಣವು, ಟಾಯ್ಲೆಟ್ ಪೇಪರನ್ನು ಕಮೋಡಿಗೆ ಹಾಕದೆ ಪಕ್ಕದ ಬುಟ್ಟಿಗೆ ಹಾಕಬೇಕು. ನೀರು ಬಳಸುವ ನಮಗೇ ಇದು ಸಲೀಸು ನೋಡಿ. ತುಪ್ಪ, ಖೋವಾ ಮಾತ್ರ ಒಯ್ಯಬೇಡಿ. ಯುರೋಪಿಯನ್ ಯೂನಿಯನ್ ಹೊರಗಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ. ಹಸಿ ಕರಿಬೇವಿಗೂ ಸರ್ಟಿಫಿಕೇಟ್ ಬೇಕು, ಅಂದರೆ ಬೇಡ ಅಂತಲೇ ಅರ್ಥ.

ಬೇಳೆ ಹೊರುವ ಅಗತ್ಯ ಇಲ್ಲ. ಅಂಗಡಿಯಲ್ಲಿ ‘ಫಾವಾ’ ಅಂತ ಹಳದಿ ಬೇಳೆ ಸಿಗುತ್ತೆ, ನೋಡೋಕೆ ತೊಗರಿಬೇಳೆ ತರಹವೇ. ಕುಕ್ಕರ್ ಇಲ್ಲದೆಯೂ ಮುಕ್ಕಾಲು ಗಂಟೆಯಲ್ಲಿ ಮೆತ್ತಗೆ ಬೇಯುತ್ತೆ, ಸಾರಿಗೆ ಹೇಳಿ ಮಾಡಿಸಿದ ಹಾಗಿದೆ. ಕಡಲೆಕಾಳು, ದೊಡ್ಡ ಬಿಳಿ ಅವರೆಯಂಥ ಕಾಳು, ಬದನೆ, ಬೆಂಡೆ, ಟೊಮೇಟೊ ಎಲ್ಲ ಇವೆ. ಮೊಸರು ಎಷ್ಟು ಗಟ್ಟಿ ಅಂದರೆ ಮೊಸರನ್ನಕ್ಕೆ ಧಾರಾಳವಾಗಿ ಹಾಲು ಬೆರೆಸಬೇಕು. ತರಕಾರಿ ಹಡಗಿನಲ್ಲಿ ಬರುತ್ತೆ. ಹಾಗಾಗಿ ಹಡಗು ಬಂದ ದಿನ ಅಂಗಡಿಗೆ ಹೋಗಿ, ಎರಡು ದಿನ ಬಿಟ್ಟು ಹೋದರೆ ಬಾಡಿದ್ದೇ ಗತಿ.

ಸೊಪ್ಪಿನ ಕಥೆ ಹೇಳಲೇಬೇಕು. ನಮ್ಮ ಅತ್ತೆ ಹೊರಗಡೆ ಊಟ ಮಾಡುವವರಲ್ಲ. ಅವರಿಗಾಗಿಯೇ ನಾವು ಅಡುಗೆಮನೆ ಇರುವ ಜಾಗ ಹುಡುಕಿದ್ದು. ಒಂದು ಸಂಜೆ ಮನೆಯೊಡತಿ ಅಂಗಳದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಅತ್ತೆ ಹತ್ತಿರ ಹೋಗಿ ಒಂದು ಕಡ್ಡಿ ಎತ್ತಿ ನೋಡಿದವರೇ ‘ಇದು ಹರಿವೆ ಕಣೇ!’ ಅಂದರು. ಹೌದು, ಅವರು ‘ವ್ಲೀಟಾ’ ಅನ್ನೋದು ಹರಿವೆ ಜಾತಿಯ ಸೊಪ್ಪೇ. ಪಕ್ಕದಲ್ಲಿದ್ದ ಇನ್ನೊಂದು ಗುಪ್ಪೆ ನಮ್ಮ ಗೋಣಿಸೊಪ್ಪು. ಅದನ್ನು ಅವರು ಹಸಿಯಾಗೇ ಸಲಾಡಿಗೆ ಹಾಕ್ತಾರೆ. ಅತ್ತೆ ಸೆರಗು ಸಿಕ್ಕಿಸಿ ಅಲ್ಲೇ ಕೂತರು. ದಂಟಿನ ನಾರು ಉಗುರಿನಲ್ಲಿ ಎಳೆದು, ಬೆರಳುದ್ದ ಮುರಿದು ಬಟ್ಟಲಿಗೆ ಹಾಕುತ್ತಾ ಹೋದರು. ಆಕೆಯೂ ಅದೇ ರೀತಿ ಮುರಿಯುತ್ತಿದ್ದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರಲ್ಲ, ಆದರೆ ದಂಟು ಬಲಿತಿದೆ ಅಂತ ಇಬ್ಬರೂ ಒಟ್ಟಿಗೇ ಮುಖ ಕಿವುಚಿದರು. ಅವರದ್ದು ಬೇಯಿಸಿ, ಆಲಿವ್ ಎಣ್ಣೆ, ನಿಂಬೆರಸ. ನಮ್ಮದು ಹುಳಿ. ತಟ್ಟೆ ಅದಲುಬದಲಾಯಿತು. ಹುಳಿಯ ಖಾರ ಅವರಿಗೆ ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿ.

ಹೊರಗೆ ತಿನ್ನುವಾಗ ಒಂದು ಎಚ್ಚರಿಕೆ. ‘ನಿಸ್ಟಿಸಿಮೊ’ ಅಂದರೆ ವ್ರತದ ಊಟ, ಅದರಲ್ಲಿ ಮಾಂಸ, ಹಾಲು ಇರಲ್ಲ ಅಂತ ಎಲ್ಲರೂ ಹೇಳ್ತಾರೆ. ನಿಜ. ಆದರೆ ಅವರ ವ್ರತಕ್ಕೆ ಸೀಗಡಿ, ಆಕ್ಟೋಪಸ್ ನಡೆಯುತ್ತೆ! ಅದಕ್ಕೆ ‘ಹೊರೀಸ್ ಕ್ರೆಯಾಸ್, ಹೊರೀಸ್ ಪ್ಸಾರಿ, ಹೊರೀಸ್ ಥಲಸಿನಾ’ ಅಂತ ಮೂರನ್ನೂ ಹೇಳಿ: ಮಾಂಸ ಇಲ್ಲದೆ, ಮೀನಿಲ್ಲದೆ, ಸೀಗಡಿ ಗೀಗಡಿ ಇಲ್ಲದೆ. ಟೊಮೇಟೊ ಒಳಗೆ ಅನ್ನ ತುಂಬಿದ ಗೆಮಿಸ್ತಾದಲ್ಲಿ ಕೆಲವರು ಕೈಮಾ ಹಾಕ್ತಾರೆ, ಕೇಳಿಯೇ ತಗೊಳ್ಳಿ. ಅಮ್ಮ ಕಟ್ಟುನಿಟ್ಟಾದರೆ ಫೆಟಾ ಚೀಸೂ ಬೇಡ, ಅದಕ್ಕೆ ಹೆಪ್ಪು ಹಾಕೋಕೆ ಎಳೆ ಕರು, ಮರಿಗಳ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದುಂಟು.

ಬೋರ್ ಆಗುತ್ತಾ? ಬೀಚ್ ಅಂದರೆ ಮರಳು, ವಾಟರ್ ಸ್ಪೋರ್ಟ್ಸ್ ಅಂತ ಮನಸ್ಸಿದ್ದರೆ ಆಗುತ್ತೆ. ಟೀಲೋಸ್‌ನ ಬಂದರು ಇರುವ ಊರು ಲಿವಾಡ್ಯಾ. ಅದರ ದಡದಲ್ಲಿ ಇರೋದು ಬರೀ ಉರುಟು ಕಲ್ಲು, ಮಗಳಿಗೆ ನೀರಿನಲ್ಲಿ ಹಾಕುವ ಚಪ್ಪಲಿ ಬೇಕು. ಮರಳು ಬೇಕಂದರೆ ಬಸ್ಸಿನಲ್ಲಿ ಎರಿಸ್ಟೊಸ್‌ಗೆ ಹೋಗಬೇಕು. ಮಕ್ಕಳಿಗೆ ಹಿಡಿಸೋದು ಆನೆ. ಹೌದು, ಆನೆ! 1971ರಲ್ಲಿ ಖರ್ಕಾದಿಯೊ ಅನ್ನುವ ಗುಹೆಯಲ್ಲಿ ಕುಳ್ಳ ಆನೆಗಳ ಮೂಳೆ ಸಿಕ್ಕಿದವು. ದ್ವೀಪದಲ್ಲಿ ಸಿಕ್ಕಿಹಾಕಿಕೊಂಡ ಆನೆಗಳು ತಲೆಮಾರು ಕಳೆದಂತೆ ಸಣ್ಣಗಾಗಿ, ಹೆಚ್ಚುಕಮ್ಮಿ ಆಳೆತ್ತರಕ್ಕೆ ಇಳಿದಿದ್ದವು. ಸ್ವಲ್ಪ ಮೇವು, ಸ್ವಲ್ಪ ಜಾಗ, ಅಟ್ಟಿಸಿಕೊಂಡು ಬರುವ ದೊಡ್ಡ ಮೃಗಗಳಿಲ್ಲ. ಅಂಥಲ್ಲಿ ದೊಡ್ಡ ಮೈ ಬರೀ ಹೊರೆ. ಇವುಗಳಿಗಾಗಿಯೇ ಅಲ್ಲೊಂದು ಸಣ್ಣ ಮ್ಯೂಸಿಯಂ ಇದೆ. ಮಿಕ್ರೊ ಹೊರ್ಯೊ ಅನ್ನುವ ಖಾಲಿ ಊರಿಗೂ ನಡೆದು ಹೋಗಿ. ಎರಡನೇ ಮಹಾಯುದ್ಧದ ನಂತರ ಜನ ಒಬ್ಬೊಬ್ಬರಾಗಿ ಇಳಿದು ಬಂದರಿನ ಹತ್ತಿರ ಮನೆ ಮಾಡಿದರು. ಈಗ ಅಲ್ಲಿ ಸೂರಿಲ್ಲದ ಮನೆಗಳು, ಆಡುಗಳು, ಒಂದು ಚರ್ಚು.

ಇನ್ನು ಸಣ್ಣಪುಟ್ಟ ವಿಷಯಗಳು. ಬಿಸಿನೀರು ಹೆಚ್ಚಾಗಿ ಮಾಳಿಗೆ ಮೇಲಿನ ಸೋಲಾರ್‌ನಿಂದ, ಸಂಜೆ ಸ್ನಾನ ಮಾಡಿದರೆ ಧಾರಾಳ. ಬೇಸಿಗೆಯಲ್ಲಿ ಮಧ್ಯಾಹ್ನ 3ರಿಂದ 5.30ರವರೆಗೆ ಗಲಾಟೆ ಮಾಡಬಾರದು ಅಂತ ಗ್ರೀಸ್‌ನಲ್ಲಿ ನಿಯಮವೇ ಇದೆ. ಆ ಹೊತ್ತಿಗೆ ಮಗಳನ್ನು ಮಲಗಿಸಿ, ನೀವೂ ಮಲಗಿ, ಹೇಗೂ ಅಂಗಡಿ ಮುಚ್ಚಿರುತ್ತೆ. ಟೀಲೋಸ್‌ನಲ್ಲಿ ಬೀದಿ ಕಸದ ತೊಟ್ಟಿ ತೆಗೆದುಹಾಕಿ ಮನೆಮನೆಯಿಂದ ಕಸ ಸಂಗ್ರಹಿಸುವ ವ್ಯವಸ್ಥೆ ಮಾಡಿದ್ದಾರೆ. ತರಕಾರಿ ಸಿಪ್ಪೆ ಬೇರೆ, ಪ್ಲಾಸ್ಟಿಕ್ ಬೇರೆ. ಹಸಿ ಕಸ, ಒಣ ಕಸ ಬೆಂಗಳೂರಿನವರಿಗೆ ಹೊಸದೇನಲ್ಲ ಬಿಡಿ. ಬಾಡಿಗೆಯ ಮೇಲೆ ಸರ್ಕಾರದ ಹವಾಮಾನ ಶುಲ್ಕ ಅಂತ ಒಂದನ್ನು ಅಲ್ಲೇ ಕಟ್ಟಬೇಕು. 2025ರ ದರದಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಲೈಸೆನ್ಸ್ ಇರುವ ಬಾಡಿಗೆ ರೂಮಿಗೆ ರಾತ್ರಿಗೆ 2 ಯೂರೋ, ಏರ್‌ಬಿಎನ್‌ಬಿ ತರಹದ ಫ್ಲಾಟ್‌ಗೆ 8 ಯೂರೋ. ಹತ್ತು ದಿನಕ್ಕೆ ಲೆಕ್ಕ ಹಾಕಿ, ವ್ಯತ್ಯಾಸ ಗೊತ್ತಾಗುತ್ತೆ.

ಯಾವಾಗ ಹೋಗೋದು? ಮೇ ಕೊನೆ, ಜೂನ್ ಅಥವಾ ಸೆಪ್ಟೆಂಬರ್. ಮಗಳ ಸ್ಕೂಲ್ ರಜೆ ನೋಡಿದರೆ ಮೇ ಕೊನೆಯೇ ನಿಮಗೆ ಹೊಂದುತ್ತೆ, ನೀರು ಮಾತ್ರ ಸ್ವಲ್ಪ ತಣ್ಣಗಿರುತ್ತೆ. ಜುಲೈ, ಆಗಸ್ಟ್‌ನಲ್ಲಿ ಉತ್ತರದಿಂದ ಮೆಲ್ಟೆಮಿ ಗಾಳಿ ಬೀಸುತ್ತೆ. ಗಾಳಿ ಜೋರಾದರೆ ಮೊದಲು ರದ್ದಾಗೋದು ಕ್ಯಾಟಮರಾನ್, ಆಮೇಲೆ ದೊಡ್ಡ ಹಡಗು. ಅದಕ್ಕೇ ಯಾವ ತಿಂಗಳಾದರೂ ಸರಿ, ವಾಪಸ್ ವಿಮಾನದ ಹಿಂದಿನ ರಾತ್ರಿ ದ್ವೀಪದಲ್ಲಿ ಇರಬೇಡಿ, ರೋಡ್ಸ್‌ನಲ್ಲಿ ಇರಿ. ನಿಮ್ಮ ಹತ್ತು ದಿನದಲ್ಲಿ ಎಂಟು ಟೀಲೋಸ್‌ಗೆ, ಎರಡು ರೋಡ್ಸ್‌ಗೆ ಇಟ್ಟುಕೊಳ್ಳಿ. ಇನ್ನೂ ಎರಡು ದ್ವೀಪ ಸೇರಿಸೋಣ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕ್ಕೋಬೇಡಿ. ಅಡುಗೆಮನೆ ಹೊಂದಿಸಿಕೊಳ್ಳೋಕೇ ಎರಡು ದಿನ ಬೇಕು.

ಗ್ರೀಸ್‌ಗೆ ಹೋಗೋಕೆ ಬೇಕಾದ ಷೆಂಗೆನ್ ವೀಸಾಗೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ದೊಡ್ಡವರಿಗೆ ಫೀಸು 90 ಯೂರೋ, ನಿಮ್ಮ ಮಗಳಿಗೆ 45. ಕನಿಷ್ಠ 30,000 ಯೂರೋ ಇನ್ಶೂರೆನ್ಸ್ ಬೇಕು. ರೂಮನ್ನು ದುಡ್ಡು ಕಟ್ಟದೆ ಕ್ಯಾನ್ಸಲ್ ಮಾಡಬಹುದಾದ ರೀತಿಯಲ್ಲಿ ಬುಕ್ ಮಾಡಿ, ವೀಸಾ ಬಂದ ಮೇಲೆ ಫೆರಿ ಟಿಕೆಟ್ ತಗೊಳ್ಳಿ. ಅಮ್ಮನಿಗೆ ಮೆಟ್ಟಿಲು ಹತ್ತೋದು ಕಷ್ಟ ಅಂದರೆ ಲಿವಾಡ್ಯಾದಲ್ಲೇ ಕೆಳಗಿನ ಮನೆ ಕೇಳಿ. ದ್ವೀಪದ ಇನ್ನೊಂದು ಊರು ಮೆಗಾಲೊ ಹೊರ್ಯೊ ಚೆಂದ, ಆದರೆ ಇಡೀ ಊರೇ ಗುಡ್ಡದ ಮೇಲಿದೆ.