ಕಾರ್ಯದರ್ಶಿಗೆ ಸಂಬಳ ಇಲ್ಲ, ಕೆಲಸ ಮಾತ್ರ ಜಾಸ್ತಿ

ಕುಮಟಾ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಮಾಣಿ ಊರಿನ ಕ್ರಿಕೆಟ್ ಕ್ಲಬ್ ಕಾರ್ಯದರ್ಶಿ ಆಗಿದ್ದಾನೆ. ಆಡುವುದು ಕಡಿಮೆ, ಓಡಾಟ ಜಾಸ್ತಿ. ಇದೇ ದಾರಿಯಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯವರೆಗೆ ಹೋಗ್ತೇನೆ ಅಂತಾನೆ. ದೊಡ್ಡ ಆಟಗಾರನಲ್ಲದವನಿಗೆ ಅಲ್ಲಿ ಯಾರು ಜಾಗ ಕೊಡ್ತಾರೆ? ಹೊಟ್ಟೆಪಾಡಿಗೆ ಏನು ಗತಿ?"

ಉತ್ತರ: ಹೊಟ್ಟೆಪಾಡಿನ ಮಾತು ಮೊದಲು. ಕ್ಲಬ್ ಕಾರ್ಯದರ್ಶಿಯದು ಗೌರವ ಹುದ್ದೆ. ಎಷ್ಟೋ ಸಲ ಕೈಯಿಂದಲೇ ದುಡ್ಡು ಹೋಗುತ್ತದೆ. ತೋಟವೋ ಅಂಗಡಿಯೋ ನೌಕರಿಯೋ, ಬೇರೆ ಆದಾಯ ಇರಲೇಬೇಕು. ಇದನ್ನು ಅವನಿಗೆ ಮುಚ್ಚುಮರೆ ಇಲ್ಲದೆ ಹೇಳಿ.

ಆದರೆ ದೊಡ್ಡ ಆಟಗಾರನೇ ಆಗಿರಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನ ಕ್ರೀಡಾಂಗಣಕ್ಕೆ ಯಾರ ಹೆಸರಿದೆ? ಎಂ. ಚಿನ್ನಸ್ವಾಮಿ, ಮಂಡ್ಯದ ವಕೀಲರು. ಅವರು ಎಷ್ಟು ರನ್ ಹೊಡೆದರು ಅಂತ ಯಾರೂ ಕೇಳುವುದಿಲ್ಲ. ದಶಕಗಳ ಕಾಲ ರಾಜ್ಯ ಸಂಸ್ಥೆಯಲ್ಲಿ ದುಡಿದರು. 1977ರಿಂದ 1980ರವರೆಗೆ ಬಿಸಿಸಿಐ ಅಧ್ಯಕ್ಷರೂ ಆಗಿದ್ದರು. ಅವರು ಓಡಾಡಿ ಕಟ್ಟಿಸಿದ ಆ ಮೈದಾನದಲ್ಲೇ 1974ರಲ್ಲಿ ವೆಸ್ಟ್ ಇಂಡೀಸ್‌ನ ಗ್ರೀನಿಜ್, ರಿಚರ್ಡ್ಸ್ ತಮ್ಮ ಮೊದಲ ಟೆಸ್ಟ್ ಆಡಿದ್ದು. ಆಟಗಾರರೂ ಬಂದಿದ್ದಾರೆ, ಇಲ್ಲ ಅಂತಲ್ಲ. 2010ರಲ್ಲಿ ರಾಜ್ಯ ಸಂಸ್ಥೆಗೆ ಕುಂಬ್ಳೆ ಅಧ್ಯಕ್ಷ, ಶ್ರೀನಾಥ್ ಕಾರ್ಯದರ್ಶಿ ಆದರು. ರೋಜರ್ ಬಿನ್ನಿ ರಾಜ್ಯ ಸಂಸ್ಥೆಯಿಂದ 2022ರಲ್ಲಿ ಬಿಸಿಸಿಐ ಅಧ್ಯಕ್ಷಗಿರಿಗೆ ಹೋದರು.

ಇನ್ನು ನಿಮ್ಮ ಕುಮಟಾದ ರಾಘವೇಂದ್ರ ಇದ್ದಾರಲ್ಲ! ಆಟಗಾರ ಆಗಬೇಕು ಅಂತ ಊರು ಬಿಟ್ಟವರು. ಈಗ ಭಾರತ ತಂಡದ ಬ್ಯಾಟರ್‌ಗಳಿಗೆ ಚೆಂಡು ಎಸೆದು ಅಭ್ಯಾಸ ಮಾಡಿಸುತ್ತಾರೆ. ಅಂಪೈರ್, ಸ್ಕೋರರ್, ಪಿಚ್ ನೋಡಿಕೊಳ್ಳುವವರು, ಇವರಿಗೆಲ್ಲ ದುಡ್ಡು ಸಿಗುತ್ತದೆ. ಮಾಣಿ ಅಂಪೈರಿಂಗ್ ಪರೀಕ್ಷೆ ಕಡೆಗೂ ಒಂದು ಕಣ್ಣಿಟ್ಟಿರಲಿ.

ನಮ್ಮ ಕರಾವಳಿಯ ಕಾರ್ಯದರ್ಶಿಯ ಪಾಡು ಬೇರೆಯೇ. ಜೂನ್‌ನಿಂದ ಸೆಪ್ಟೆಂಬರ್ ಮಳೆಗೇ ಮೀಸಲು. ಆಮೇಲೆ ಬಯಲು ಸಿಕ್ಕಿತು ಅನ್ನುವಷ್ಟರಲ್ಲಿ ಯಕ್ಷಗಾನ, ಸಭೆ, ಮದುವೆ. ಪಿಚ್ ಮೇಲೆ ಮ್ಯಾಟ್ ಹಾಸುವುದನ್ನು ನೋಡಿದ್ದೀರಾ? ಬೆಳಿಗ್ಗೆ ಬೇಗ ಬಂದು ಉದ್ದಕ್ಕೆ ಬಿಚ್ಚಬೇಕು, ನಾಲ್ಕೂ ಕಡೆ ಎಳೆದು ಮೊಳೆ ಹೊಡೆಯಬೇಕು. ಒಂದು ಕಡೆ ಸಡಿಲವಾದರೂ ಚೆಂಡು ಮುಖಕ್ಕೇ ಏಳುತ್ತದೆ. ತುಂತುರು ಮಳೆ ಬಂದರೆ ಮುಗಿಯಿತು, ನೆನೆದ ನಾರಿನ ಮ್ಯಾಟ್ ಎತ್ತುವುದಕ್ಕೆ ಎಂಟು ಜನ ಬೇಕು. ಆಡಿದ ಹುಡುಗರು ಆಗಲೇ ಬೈಕ್ ಹತ್ತಿರುತ್ತಾರೆ!

ಇಷ್ಟೆಲ್ಲ ಮಾಡುವವರು ಎಡವುವುದು ಕಾಗದದಲ್ಲಿ. ನೋಂದಾಯಿತ ಸಂಘ ಆದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು. ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ನೋಂದಣಾಧಿಕಾರಿಗೆ ಕೊಡಬೇಕು. ಟೂರ್ನಿಗೆ ಚಂದಾ ಎತ್ತುವ ಉತ್ಸಾಹ ರಸೀದಿ ಬರೆಯುವಾಗ ಇರುವುದಿಲ್ಲ. ನಾಲ್ಕು ವರ್ಷದ ಲೆಕ್ಕ ಒಂದೇ ರಾತ್ರಿ ಕೂತು ಬರೆಯುವ ಕ್ಲಬ್‌ಗಳಿಗೇನೂ ಬರಗಾಲ ಇಲ್ಲ.

ಮೇಲಕ್ಕೆ ಹೋಗುವ ದಾರಿಯೂ ಇಲ್ಲಿಂದಲೇ ಶುರು. ರಾಜ್ಯ ಸಂಸ್ಥೆಯ ಚುನಾವಣೆಯಲ್ಲಿ ಮತ ಇರುವುದು ಅದರ ಸದಸ್ಯರಿಗೆ, ಸದಸ್ಯ ಕ್ಲಬ್‌ಗಳಿಗೆ. ಸುಮ್ನೆ ಟೆನಿಸ್ ಬಾಲ್ ಟೂರ್ನಿ ನಡೆಸಿಕೊಂಡಿದ್ದರೆ ಆ ಬಾಗಿಲು ತೆರೆಯುವುದಿಲ್ಲ. ಲೆದರ್ ಬಾಲ್ ತಂಡ ಕಟ್ಟಬೇಕು, ಲೀಗ್ ಆಡಿಸಬೇಕು. ಅದಕ್ಕೆ ವರ್ಷಗಟ್ಟಲೆ ತಾಳ್ಮೆ ಬೇಕು.

ಹೋದ ವರ್ಷದ ಲೆಕ್ಕ ಕೊಟ್ಟಿದ್ದಾನಾ ಅಂತ ಮಾಣಿಯನ್ನು ಕೇಳಿ ನೋಡಿ. ಕೊಟ್ಟಿದ್ದರೆ ಆ ಫೈಲು ಹಿಡಿದು ರಾಜ್ಯ ಸಂಸ್ಥೆಯ ವಲಯ ಸಂಚಾಲಕರನ್ನು ಕಂಡು ಬರಲಿ. ಬಸ್ ಚಾರ್ಜು ಮಾತ್ರ ನೀವೇ ಕೊಡಿ, ಕ್ಲಬ್ ದುಡ್ಡು ಬೇಡ.