ಟೆಂಡರ್ ಸಿಕ್ಕಿತು, ವಕೀಲರ ಫೀಸು ಸಿಗಲಿಲ್ಲ

ಓದುಗರ ಪತ್ರ:

ನಾನು ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪ ಸ್ಟೀಲ್ ಫರ್ನಿಚರ್ ವರ್ಕ್‌ಶಾಪ್ ನಡೆಸುವವನು. ಸರಕಾರಿ ಶಾಲೆಗಳಿಗೆ ಬೆಂಚು, ಡೆಸ್ಕು ಒದಗಿಸುವ ಟೆಂಡರಿನಲ್ಲಿ ನನ್ನದೇ ಕಡಿಮೆ ದರ. ಆದರೂ ನೋಟೀಸಿನಲ್ಲಿ ಎಲ್ಲೂ ಕೇಳದ ಒಂದು ಸರ್ಟಿಫಿಕೇಟು ಇಲ್ಲವೆಂದು ನನ್ನನ್ನು ಬಿಟ್ಟು ಎರಡನೆಯವರಿಗೆ ಕೊಟ್ಟರು. ಹೈಕೋರ್ಟಿಗೆ ಹೋದೆ, ಗೆದ್ದೆ, ಕೆಲಸವೂ ಸಿಕ್ಕಿತು. ಆದರೆ ಖರ್ಚು ಒಂದೂಕಾಲು ಲಕ್ಷ. ಆ ಬೆಂಚುಗಳಲ್ಲಿ ಅಷ್ಟು ಲಾಭವೇ ಇಲ್ಲ. ಅಮೆರಿಕದಲ್ಲಿರುವ ತಂಗಿಯ ಮಗ ‘ಇಲ್ಲಿ ಗೆದ್ದವನ ವಕೀಲರ ಫೀಸು ಸರಕಾರವೇ ಕೊಡುತ್ತದೆ, ಮಾವ’ ಎನ್ನುತ್ತಾನೆ. ನಮಗೆ ಯಾಕಿಲ್ಲ? ತಪ್ಪು ಮಾಡಿದ ಅಧಿಕಾರಿಯ ಕಿಸೆಯಿಂದ ವಸೂಲು ಮಾಡಲು ಬರುವುದಿಲ್ಲವೇ?

ಸಂಪಾದಕರ ಉತ್ತರ:

ಮಾನ್ಯರೇ, ಪತ್ರದ ಜತೆಗೆ ನೀವಿಟ್ಟ ತೀರ್ಪಿನ ನಕಲನ್ನೂ ಖರ್ಚಿನ ಪಟ್ಟಿಯನ್ನೂ ಓದಿದೆ. ನಿಮ್ಮ ಪ್ರಶ್ನೆಗೆ ಉತ್ತರ ತೀರ್ಪಿನ ಕೊನೆಯ ಸಾಲಿನಲ್ಲೇ ಇದೆ: ಅರ್ಜಿ ಪುರಸ್ಕರಿಸಲಾಗಿದೆ, ಖರ್ಚಿನ ಬಗ್ಗೆ ಆದೇಶವಿಲ್ಲ. ಅಂದರೆ ಅವರವರ ಖರ್ಚು ಅವರವರಿಗೆ. ಗೆದ್ದವ ಸೋತ, ಸೋತವ ಸತ್ತ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ನಿಮ್ಮ ಅಳಿಯ ಹೇಳಿದ್ದು ಸುಳ್ಳಲ್ಲ, ಅರ್ಧ ಮಾತ್ರ ಹೇಳಿದ್ದಾನೆ. ಅಮೆರಿಕದಲ್ಲಿ ಕೇಂದ್ರ ಸರಕಾರದ ಗುತ್ತಿಗೆ ಹಂಚಿಕೆಯ ವಿರುದ್ಧ ಜಿ.ಎ.ಒ. ಎಂಬ ಲೆಕ್ಕಪರಿಶೋಧನಾ ಕಚೇರಿಗೆ ತಕರಾರು ಸಲ್ಲಿಸಬಹುದು. ತಕರಾರು ಸರಿಯೆಂದು ಕಂಡರೆ ವಕೀಲರ ಫೀಸೂ ಸೇರಿ ಖರ್ಚು ಕೊಡುವಂತೆ ಅದು ಇಲಾಖೆಗೆ ಶಿಫಾರಸು ಮಾಡುತ್ತದೆ; 1984ರ ಕಾಯಿದೆಯಿಂದ ಬಂದ ಏರ್ಪಾಡು. ಆದರೆ ಶಿಫಾರಸು ಕೈಸೇರಿದ 60 ದಿನಗಳೊಳಗೆ ಎಷ್ಟು ಗಂಟೆ, ಯಾವ ದರ ಎಂದು ಲೆಕ್ಕ ಹಿಡಿದು ಇಲಾಖೆಗೆ ಕೊಡದಿದ್ದರೆ ಹಕ್ಕೇ ಹೋಯಿತು. ದೊಡ್ಡ ಕಂಪನಿಗಳಿಗೆ ವಕೀಲರ ಫೀಸಿನಲ್ಲಿ ಗಂಟೆಗೆ 150 ಡಾಲರಿನ ಮಿತಿ ಇದೆ. ಸಣ್ಣ ಉದ್ಯಮಗಳಿಗೆ ಆ ಮಿತಿ ಇಲ್ಲ. ಇಲಾಖೆ ತಾನಾಗಿಯೇ ನಡುವೆ ತಪ್ಪು ತಿದ್ದಿಕೊಂಡರೆ ಖರ್ಚು ಸಿಗುವುದು ಇನ್ನೂ ಕಷ್ಟ: ತಕರಾರಿನಲ್ಲಿ ಸ್ಪಷ್ಟವಾಗಿ ಹುರುಳಿರಬೇಕು, ಇಲಾಖೆ ಸುಮ್ಮನೆ ದಿನ ದೂಡಿರಬೇಕು.

ನಮ್ಮ ಕೇರಳದಲ್ಲಿ ಹಾಗೆ ಪ್ರತ್ಯೇಕ ದಾರಿಯಿಲ್ಲ. ಟೆಂಡರಿನ ಅನ್ಯಾಯಕ್ಕೆ ಸಂವಿಧಾನದ 226ನೇ ವಿಧಿಯಡಿ ನೇರವಾಗಿ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿಯೇ ಗತಿ. ಸಿವಿಲ್ ದಾವೆಯಲ್ಲಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಂ ಇದೆ: ಸೋತವನಿಂದ ಖರ್ಚು ಕೊಡಿಸದಿದ್ದರೆ ನ್ಯಾಯಾಧೀಶರು ಕಾರಣ ಬರೆಯಬೇಕು. ಆದರೆ ಅದೇ ಸಂಹಿತೆಯ 141ನೇ ಕಲಮಿಗೆ 1976ರಲ್ಲಿ ಸೇರಿಸಿದ ವಿವರಣೆ 226ನೇ ವಿಧಿಯ ಅರ್ಜಿಗಳನ್ನು ಹೊರಗಿಟ್ಟಿತು. ಹಾಗಾಗಿ ರಿಟ್‌ನಲ್ಲಿ ಖರ್ಚು ಕೊಡಿಸುವುದು ಬಿಡುವುದು ಹೈಕೋರ್ಟಿನ ವಿವೇಚನೆ. ಕೇಳದಿದ್ದರೆ ಸಿಗುವ ಮಾತೇ ಇಲ್ಲ. ಅರ್ಜಿಯ ಕೊನೆಯಲ್ಲಿ ‘ಖರ್ಚು ಸಹಿತ’ ಎಂದು ಎಲ್ಲ ವಕೀಲರೂ ಟೈಪ್ ಮಾಡಿಸುತ್ತಾರೆ. ಅದನ್ನು ಕೇಳಿದಂತೆ ಲೆಕ್ಕ ಹಿಡಿಯಬೇಡಿ. ವಾದದ ಕೊನೆಗೆ ಎದ್ದು ನಿಂತು, ಇಷ್ಟು ಖರ್ಚಾಗಿದೆ, ಇದು ಪಟ್ಟಿ, ಇವು ರಸೀದಿ ಎಂದು ಕೊಡಬೇಕು. ನೀವು ಕಳಿಸಿದ ಕಾಗದಗಳಲ್ಲಿ ಅಂಥದ್ದು ನನಗೆ ಕಾಣಲಿಲ್ಲ.

ಪಟ್ಟಿಯನ್ನು ನೋಡಿ. ವಕೀಲರ ಫೀಸು ಎರಡು ಕಂತಿನಲ್ಲಿ, ಎರಡಕ್ಕೂ ರಸೀದಿ ಇಲ್ಲ. ಮಲಬಾರ್ ಎಕ್ಸ್‌ಪ್ರೆಸ್ಸಿನ ಟಿಕೇಟುಗಳನ್ನು ಮಾತ್ರ ಒಪ್ಪವಾಗಿ ಪಿನ್ನು ಹಾಕಿ ಇಟ್ಟಿದ್ದೀರಿ. ಕಣ್ಣಿಗೆ ರಾಚಿದ್ದು ಅನುವಾದದ ಖರ್ಚು. ಕಚೇರಿಯ ಆದೇಶ ಮಲಯಾಳದಲ್ಲಿ, ನಿಮ್ಮ ದೂರು ಕನ್ನಡದಲ್ಲಿ, ಕೋರ್ಟು ಇಂಗ್ಲಿಷಿನಲ್ಲಿ. ಪುಟಕ್ಕಿಷ್ಟೆಂದು ಎರಡೂ ಕಡೆಯ ಕಾಗದ ಇಂಗ್ಲಿಷಿಗೆ ಹೋಗಿದೆ. ಕೊಲ್ಲಂನವರಿಗೋ ಕೋಟ್ಟಯಂನವರಿಗೋ ಇಲ್ಲದ ಖರ್ಚಿದು. 1969ರ ಕೇರಳ ಆಡಳಿತ ಭಾಷಾ ಕಾಯಿದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆದರೆ ಉತ್ತರವೂ ಕನ್ನಡದಲ್ಲೇ ಬರಬೇಕು. ಬರುತ್ತದೆಯೇ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಇಂಥ ಖರ್ಚನ್ನೆಲ್ಲ ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆಯೇ? ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು ತೆಗೆದುಕೊಳ್ಳಬೇಕೆಂದೇ ಹೇಳಿತು: ಗೆದ್ದವನಿಗೆ ನಿಜವಾಗಿ ಆದ ನ್ಯಾಯವಾದ ಖರ್ಚು ಸಿಗಬೇಕು, ಅದರಲ್ಲಿ ಓಡಾಟ, ವಸತಿ, ಟೈಪಿಂಗ್, ವಕೀಲರ ಫೀಸು ಮಾತ್ರವಲ್ಲ, ಅವನು ಕಳೆದ ಸಮಯವೂ ಸೇರಬೇಕು ಎಂದು. ಓದಲು ಹಿತವಾಗಿದೆ. ಆದರೆ 2011ರಲ್ಲಿ, ದಿಲ್ಲಿ ಹೈಕೋರ್ಟು ಒಂದು ಮೊಕದ್ದಮೆಯಲ್ಲಿ ವಕೀಲರ ನಿಜವಾದ ಫೀಸೆಂದು ಕೊಡಿಸಿದ್ದ 45 ಲಕ್ಷಕ್ಕೂ ಹೆಚ್ಚಿನ ಮೊತ್ತವನ್ನು ಅದೇ ಸುಪ್ರೀಂ ಕೋರ್ಟು ರದ್ದು ಮಾಡಿತು. ನಿಯಮದಲ್ಲಿ ಎಷ್ಟಿದೆಯೋ ಅಷ್ಟೇ ಕೊಡಿಸಬಹುದು, ನಿಯಮ ಬದಲಾಗಬೇಕಾದ್ದು ಬೇರೆ ಮಾತು ಎಂದಿತು. ಸುಳ್ಳು ದಾವೆ ಹೂಡಿದವನಿಂದ ಪರಿಹಾರವಾಗಿ ಕೊಡಿಸುವ ಖರ್ಚಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಎ ಕಲಮಿನಲ್ಲಿರುವ ಮಿತಿ ಎಷ್ಟು ಗೊತ್ತೇ? ಮೂರು ಸಾವಿರ ರೂಪಾಯಿ.

ಆದ್ದರಿಂದ ಪಟ್ಟಿ ಕೊಟ್ಟಿದ್ದರೂ ಒಂದೂಕಾಲು ಲಕ್ಷ ಪೂರ್ತಿ ಸಿಗುತ್ತಿತ್ತೆಂದು ನಾನು ಹೇಳುವುದಿಲ್ಲ. ಐದೋ ಹತ್ತೋ ಸಾವಿರ ಸಿಕ್ಕರೂ ಕೇಳಬೇಕಿತ್ತು ಎಂದೇ ನನ್ನ ಅಭಿಪ್ರಾಯ, ಅದೂ ಹಣಕ್ಕಾಗಿ ಅಲ್ಲ. ಕಚೇರಿಯ ಫೈಲಿನಲ್ಲಿ ‘ಕೋರ್ಟಿನ ಆದೇಶದಂತೆ ಖರ್ಚು ಪಾವತಿ’ ಎಂದೊಂದು ವೋಚರ್ ಕುಳಿತರೆ, ಯಾರ ತಪ್ಪಿಗೆ ಇದು ಎಂದು ಆಡಿಟಿನವರು ಕೇಳಬಹುದು. ಖರ್ಚಿನ ಆದೇಶವಿಲ್ಲದ ಸೋಲು ಅವರಿಗೆ ಸೋಲೇ ಅಲ್ಲ. ಸರಕಾರಿ ವಕೀಲರ ಫೀಸು ಖಜಾನೆಯದ್ದು, ಓಡಾಟದ ಭತ್ತೆಯೂ ಖಜಾನೆಯದ್ದು.

ಅಧಿಕಾರಿಯ ಕಿಸೆಯ ವಿಷಯ. ಅಧಿಕಾರಿಯಿಂದಲೇ ವಸೂಲು ಮಾಡಿ ಎಂದು ಕೋರ್ಟುಗಳು ಹೇಳಿದ್ದುಂಟು, ಅಪರೂಪಕ್ಕೆ. ಅದಕ್ಕೆ ದುರುದ್ದೇಶವನ್ನು ಸಾಧಿಸಬೇಕು. ದುರುದ್ದೇಶ ಆರೋಪಿಸುವುದಾದರೆ ಆ ವ್ಯಕ್ತಿಯನ್ನು ಹುದ್ದೆಯಿಂದ ಮಾತ್ರವಲ್ಲ, ಹೆಸರು ಹಿಡಿದೇ ಎದುರುಪಕ್ಷ ಮಾಡಿರಬೇಕು. ನಿಮ್ಮ ಅರ್ಜಿಯಲ್ಲಿ ಹುದ್ದೆ ಮಾತ್ರ ಇದೆ. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು, ಹೆಸರು ಎತ್ತಿದ್ದರೆ ಜಗಳ ಬೆಳೆಯುತ್ತಿತ್ತು. ನಾಳೆ ಬಿಲ್ಲು ಪಾಸು ಮಾಡಬೇಕಾದವರೂ ಅವರೇ ಅಲ್ಲವೇ.

ಈಗೇನು ಮಾಡಬಹುದು? ಖರ್ಚಿಗಾಗಿ ಮಾತ್ರ ರಿವ್ಯೂ (ಅದೇ ತೀರ್ಪಿನ ಮರುಪರಿಶೀಲನೆ) ಅಥವಾ ವಿಭಾಗೀಯ ಪೀಠಕ್ಕೆ ಮೇಲ್ಮನವಿ ಹಾಕಬೇಡಿ. ಎರಡಕ್ಕೂ ಗಡುವು 30 ದಿನ, ಗೆಲ್ಲುವ ಸಂಭವ ತೀರಾ ಕಡಿಮೆ, ಕೋಳಿಗಿಂತ ಮಸಾಲೆಗೇ ಹೆಚ್ಚು ದುಡ್ಡು ಬೀಳುತ್ತದೆ. ನಷ್ಟ ಪರಿಹಾರದ ಸಿವಿಲ್ ದಾವೆ ಹೂಡೋಣವೆಂದರೆ ಕೆಲಸ ನಿಮಗೇ ಸಿಕ್ಕಿರುವಾಗ ನಷ್ಟ ತೋರಿಸುವುದು ಹೇಗೆ? ಟೆಂಡರ್ ಹಾಕುವಾಗ ಕಟ್ಟಿದ ಇ.ಎಂ.ಡಿ. ಠೇವಣಿ ಬೇರೆಯೇ ವಿಷಯ, ಅದು ನಿಮ್ಮದೇ ಹಣ. ಅದನ್ನು ಈ ಲೆಕ್ಕಕ್ಕೆ ಬೆರೆಸಬೇಡಿ.

ಇನ್ನೊಂದು ಟೆಂಡರಿನಲ್ಲಿ ಹೀಗಾದರೆ, ವರ್ಕ್ ಆರ್ಡರ್ ಆಗುವ ಮೊದಲೇ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ನೋಟೀಸಿನಲ್ಲಿಲ್ಲದ ಷರತ್ತು ಯಾವುದು, ಯಾವ ಪುಟ ಎಂದು ತೋರಿಸಿ. ಅಷ್ಟಕ್ಕೇ ತಿದ್ದಿಕೊಂಡರೆ ಹೈಕೋರ್ಟಿಗಾಗಿ ಎರ್ನಾಕುಳಂ ಪ್ರಯಾಣ ತಪ್ಪಿತು. ತಿದ್ದಿಕೊಳ್ಳದಿದ್ದರೆ, ತಿಳಿಸಿದ ಮೇಲೂ ಮಾಡಿದ ತಪ್ಪೆಂದು ಖರ್ಚು ಕೇಳಲು ಆ ಕಾಗದವೇ ಆಧಾರ. ತಡಮಾಡಿ ಹೋದರೆ ಕೋರ್ಟೂ ಕೈಹಿಡಿಯುವುದು ಕಷ್ಟ: ಗುತ್ತಿಗೆ ಕೆಲಸಗಳಿಗೆ ತಡೆಯಾಜ್ಞೆ ಕೊಡಲು ಹಿಂಜರಿಯಬೇಕು, ಅನ್ಯಾಯವಾಗಿದ್ದರೆ ಪರಿಹಾರದ ದಾರಿ ತೋರಿಸಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ.

ಇದ್ದುದರಲ್ಲಿ ಒಂದು ಸಮಾಧಾನ. ವ್ಯಾಪಾರದ ಸಲುವಾಗಿ ಮಾಡಿದ ಕೋರ್ಟು ಖರ್ಚನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯವಹಾರದ ಖರ್ಚಾಗಿ ಕಳೆಯಬಹುದು. ಸರಕಾರದ ವಿರುದ್ಧ ಹೂಡಿದ ಮೊಕದ್ದಮೆಯಾದರೂ ಸರಿ. ಮಧುರೆಯ ಮೀನಾಕ್ಷಿ ಮಿಲ್ಸ್ ಪ್ರಕರಣದಲ್ಲಿ 1960ರ ದಶಕದಷ್ಟು ಹಿಂದೆಯೇ ಇದು ತೀರ್ಮಾನವಾಗಿದೆ. ಎರ್ನಾಕುಳಂನ ವಕೀಲರಿಗೆ ಇಂದೇ ಫೋನು ಮಾಡಿ, ಎರಡು ಕಂತಿಗೂ ದಿನಾಂಕ ಹಾಕಿದ ರಸೀದಿ ತರಿಸಿಕೊಂಡು ರಿಟರ್ನ್ಸ್ ಸಲ್ಲಿಸುವ ಮೊದಲು ನಿಮ್ಮ ಆಡಿಟರರ ಕೈಗೆ ಕೊಡಿ.